ಕೌಂಟ್ ಸರಿಯಿದ್ರೂ ರಕ್ತ ಯಾಕೆ ಬರುತ್ತೆ?

ನಿಮ್ಮ ಪತ್ರ ಎರಡು ಸಲ ಓದಿದೆ. ಮ್ಯಾಂಟಲ್ ಸೆಲ್ ಲಿಂಫೋಮಾ (ಬಿಳಿ ರಕ್ತಕಣದ ಒಂದು ಥರದ ಕ್ಯಾನ್ಸರ್) ಇರೋ ಅಪ್ಪಂಗೆ ಹಲ್ಲುಜ್ಜಿದ್ರೆ ನೊರೆಯೆಲ್ಲ ಕೆಂಪು, ಬಿಪಿ ಪಟ್ಟಿ ಬಿಗಿದ ಜಾಗದಲ್ಲಿ ತೋಳಿಗೆ ನೀಲಿ ಬಳೆ ಹಾಕಿದಂಗೆ ಕಲೆ, ಆದ್ರೆ ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣ 2.1 ಲಕ್ಷ, ರಿಪೋರ್ಟ್ ನಾರ್ಮಲ್, ಅತ್ತೆ ಬೇರೆ ಪಪ್ಪಾಯ ಎಲೆ ರಸ ಕುಡಿಸ್ತಿದಾರೆ, ಏನ್ಮಾಡೋದು ಅಂತ ಕೇಳಿದ್ದೀರಿ.

ಅತ್ತೇನ ಬೈಬೇಡಿ. ಡೆಂಗ್ಯೂ ದೆಸೆಯಿಂದ ಪ್ಲೇಟ್‌ಲೆಟ್ ಅಂದ್ರೆ ನಮಗೆಲ್ಲ ಒಂದು ನಂಬರ್ ಆಗ್ಬಿಟ್ಟಿದೆ, ನಾನೂ ಆಸ್ಪತ್ರೆ ಮಂಚದಲ್ಲಿ ಮಲಗಿ ದಿನಾ ಕ್ರಿಕೆಟ್ ಸ್ಕೋರ್ ಥರ ಕೌಂಟ್ ಕೇಳಿದವನೇ. ಆದ್ರೆ ನಿಮ್ಮಪ್ಪನ ಕಥೆ ಬೇರೆ. ಹಾಜರಿ ಪುಸ್ತಕದಲ್ಲಿ ಎಲ್ರ ಸಹಿಯೂ ಇದೆ, ಸೀಟಲ್ಲಿ ಯಾರೂ ಇಲ್ಲ, ಅಂಥಾ ಆಫೀಸು. ರಸ ಕುಡಿದು ಕೌಂಟ್ ಏರಿದ್ರೂ ಏನು ಬಂತು?

ಪ್ಲೇಟ್‌ಲೆಟ್ ಮೈಮೇಲೆ ಒಂದು ಕೊಂಡಿ ಇರುತ್ತೆ, ಗಾಯ ಆದಾಗ ಫೈಬ್ರಿನೋಜನ್ ಅನ್ನೋ ಪ್ರೋಟೀನು ಅದಕ್ಕೆ ಸಿಕ್ಕಿಕೊಂಡು ಒಂದನ್ನ ಇನ್ನೊಂದಕ್ಕೆ ಅಂಟಿಸುತ್ತೆ. ಹುಟ್ಟಿನಿಂದಲೇ ಈ ಅಂಟು ಕೆಟ್ಟಿರೋ ಕಾಯಿಲೆನ 1918ರಲ್ಲಿ ಗ್ಲಾನ್ಸ್‌ಮನ್ ಅನ್ನೋ ಸ್ವಿಸ್ ಮಕ್ಕಳ ಡಾಕ್ಟ್ರು ಬರೆದಿಟ್ರು. ಲಿಂಫೋಮಾದಲ್ಲಿ, ಅಪರೂಪಕ್ಕೆ, ದೇಹ ಆ ಕೊಂಡಿ ಮೇಲೇ ಆಂಟಿಬಾಡಿ ಕೂರಿಸಿಬಿಡುತ್ತೆ, ಆಗ ವಯಸ್ಸಾದ್ಮೇಲೂ ಅದೇ ಅವಸ್ಥೆ. ಹೊರಗಿಂದ ಪ್ಲೇಟ್‌ಲೆಟ್ ಏರಿಸಿದ್ರೆ ಅವಕ್ಕೂ ಆ ಆಂಟಿಬಾಡಿ ಅಂಟಿಕೊಳ್ಳಬಹುದು, ಹಾಗಾಗಿ ಮುಖ್ಯವಾಗಿ ಲಿಂಫೋಮಾನೇ ಹತೋಟಿಗೆ ತರಬೇಕು. ಪ್ಲೇಟ್‌ಲೆಟ್‌ನ ಗಾಯಕ್ಕೆ ಅಂಟಿಸೋ ವಾನ್ ವಿಲ್ಲೆಬ್ರಾಂಡ್ ಅನ್ನೋ ಪ್ರೋಟೀನು ಕಮ್ಮಿಯಾಗಿ ರಕ್ತ ಬರೋದೂ ಉಂಟು.

ಆದ್ರೆ ನಂಗೆ ಮೊದಲ ಅನುಮಾನ ಮಾತ್ರೆ ಮೇಲೆ. ಅಪ್ಪ ಇಬ್ರುಟಿನಿಬ್ ತಗೋತಾರೆ ಅಂತ ಪತ್ರದ ಕೊನೇಲಿ, ಸಹಿ ಪಕ್ಕದಲ್ಲಿ ಸಣ್ಣಗೆ ಬರ್ದಿದ್ದೀರಿ, ಅದು ಮೊದಲ ಸಾಲಲ್ಲಿ ಬರಬೇಕಿತ್ತು ಮಾರಾಯ್ರೆ! ಆ ಮಾತ್ರೆ ಲಿಂಫೋಮಾ ಕಣಾನ ತಡೆಯೋ ಹಂಗೇ ಪ್ಲೇಟ್‌ಲೆಟ್ ಒಳಗಿನ ಸಿಗ್ನಲ್ಲನ್ನೂ ತಡೆಯುತ್ತೆ. ಆಪರೇಷನ್ ಇದ್ರೆ ಹಿಂದೆ ಮುಂದೆ 3ರಿಂದ 7 ದಿನ ಡಾಕ್ಟ್ರು ಅದನ್ನ ನಿಲ್ಲಿಸೋದುಂಟು, ಹಲ್ಲು ಕೀಳಿಸೋದಿದ್ರೂ ಅವರನ್ನ ಕೇಳಿ, ನೀವಾಗೇ ಮಾತ್ರ ನಿಲ್ಲಿಸ್ಬೇಡಿ. ಮಂಡಿನೋವಿಗೆ ಅಂತ ಡೈಕ್ಲೋಫಿನ್ಯಾಕ್, ಹೃದಯಕ್ಕೆ ಅಂತ ಆಸ್ಪಿರಿನ್ ಏನಾದ್ರೂ ಜೊತೆಗಿದ್ಯಾ? ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಸಾಯೋವರೆಗೂ ಸರಿಹೋಗಲ್ಲ, ಅಂದ್ರೆ 7ರಿಂದ 10 ದಿನ.

ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟ್ತಾವಾ ಅಂತ ನೋಡೋ ಪ್ಲೇಟ್‌ಲೆಟ್ ಅಗ್ರಿಗೇಶನ್ ಟೆಸ್ಟ್ ಬೇಕಾ ಅಂತ ಡಾಕ್ಟ್ರನ್ನ ಕೇಳಿ. ಅದಕ್ಕೆ ರಕ್ತ ತಾಜಾ ಇರಬೇಕು, ಕೆಲವೇ ಗಂಟೆಯಲ್ಲಿ ಮುಗಿಸಬೇಕು, ಎಲ್ಲಾ ಲ್ಯಾಬಲ್ಲೂ ಮಾಡಲ್ಲ, ಫೋನ್ ಮಾಡ್ಕೊಂಡೇ ಹೋಗಿ. ಜೋರು ತಲೆನೋವು, ಕಪ್ಪು ಮಲ, ನಿಲ್ಲದ ಮೂಗಿನ ರಕ್ತ ಕಂಡ್ರೆ ರಾತ್ರಿಯಾದ್ರೂ ಸರಿ, ಎಮರ್ಜೆನ್ಸಿಗೆ ಹೊರಡಿ. ಮನೇಲಿರೋ ಮಾತ್ರೆ ಸ್ಟ್ರಿಪ್ ಎಲ್ಲಾ ಒಂದು ಕವರಿಗೆ ಹಾಕ್ಕೊಳ್ಳಿ, ಅತ್ತೆ ರಸದ ವಿಷಯಾನೂ ಹೇಳ್ಬಿಡಿ, ಡಾಕ್ಟ್ರು ಬೈದ್ರೆ ಬೈಲಿ.