ದೇವರನ್ನು ನಂಬದವರಿಗೂ ಬಡತನದ ಹೊಣೆ ಇದೆಯಾ?

ಮಠ, ದೇವಸ್ಥಾನಗಳು ಅನ್ನದಾನ ಮಾಡುತ್ತವೆ, ನಾಸ್ತಿಕರಿಗೆ ಅಂಥ ಹೊಣೆ ಏನಿದೆ ಅಂತ ಕೇಳಿದ್ದೀರಿ. ಇದೆ ಸರ್, ಖಂಡಿತ ಇದೆ. ನಾನೂ ದೇವರನ್ನು ನಂಬುವುದಿಲ್ಲ. ಹಸಿದವರಿಗೆ ಮುಂದಿನ ಜನ್ಮದ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಇರುವುದು ಇದೊಂದೇ ಬದುಕು ಅಂದಮೇಲೆ ಏನಾಗಬೇಕೋ ಅದು ಇಲ್ಲೇ ಆಗಬೇಕು, ಅಲ್ವಾ?

ನಾವಿರುವುದು ಬಸವನಗುಡಿಯಲ್ಲಿ. ನಮ್ಮ ಬೀದಿ ಗುಡಿಸುವ ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ಕಳೆದ ವರ್ಷ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಮನೆಗೆ ಬಂದಳು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಅಷ್ಟು ಸರಿ ಮಾಡಿಸಲು ಅವಳ ಅಮ್ಮ ಮೂರು ದಿನ ಅಲೆದರು. ಮೂರು ದಿನದ ಸಂಬಳ ಹೋಯಿತು. ಅನ್ನ ಹಾಕುವುದು ದೊಡ್ಡದೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಬಡತನ ಜಾಸ್ತಿ ಕಾಡುವುದು ಇಂಥ ಕಡೆ. ಅವತ್ತಿನಿಂದ ನಾನು ಮತ್ತು ಇಬ್ಬರು ಗೆಳೆಯರು ಪ್ರತಿ ಭಾನುವಾರ ಅರ್ಜಿ ತುಂಬಿಕೊಡುತ್ತೇವೆ.

ನಾಸ್ತಿಕರು ಸುಮ್ನೆ ವಾದ ಮಾಡುತ್ತಾರೆ ಅನ್ನುವುದೂ ಸರಿಯಲ್ಲ. ಆಂಧ್ರದ ಸಮಾಜ ಸುಧಾರಕ, ನಾಸ್ತಿಕ ಗೋರಾ (ಗೋಪರಾಜು ರಾಮಚಂದ್ರ ರಾವ್) 1940ರಲ್ಲಿ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿದರು. ಎಲ್ಲ ಜಾತಿಯವರನ್ನೂ ಒಟ್ಟಿಗೆ ಊಟಕ್ಕೆ ಕೂರಿಸಿದರು.

ನಿಮ್ಮ ಕಡೆ ಅಂಥ ಮಕ್ಕಳಿದ್ದರೆ ಭಾನುವಾರ ಹತ್ತಕ್ಕೆ ಕಳಿಸಿ. ಮಾರ್ಕ್ಸ್ ಕಾರ್ಡ್ ಮರೆಯದೆ ತರಲು ಹೇಳಿ.