ಮೆಲನೋಮಾ ಇರುವವರು ಹಾಲು, ಮೊಟ್ಟೆ, ಬೇಳೆ ಬಿಡಬೇಕಾ?

ಅಮ್ಮನಿಗೆ ಅಂಗಾಲಿನಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಆಗಿದೆ, ಊಟದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಬಳಸಿಕೊಂಡು ಈ ಕ್ಯಾನ್ಸರ್ ದೇಹದ ರಕ್ಷಣೆಯನ್ನೇ ತಡೆಯುತ್ತದಂತೆ, ಹಾಗಾದರೆ ಹಾಲು, ಮೊಟ್ಟೆ, ಬೇಳೆ ಕೊಡುವುದನ್ನು ನಿಲ್ಲಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ನಾನು ಡಾಕ್ಟರ್ ಅಲ್ಲ. ಲ್ಯಾಬ್‌ನಲ್ಲಿ ಚರ್ಮದ ಜೀವಕೋಶಗಳನ್ನು ಬೆಳೆಸುವುದು ನನ್ನ ಕೆಲಸ.

ನೀವು ಓದಿದ್ದು ಸುಳ್ಳಲ್ಲ. ರೋಗಾಣು ಒಳಗೆ ಬಂದಾಗ ನಮ್ಮ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಬಿಡುತ್ತವೆ. ಅದು ತಲುಪಿದ ಕೂಡಲೇ ಸುತ್ತಲಿನ ಜೀವಕೋಶಗಳು ಐಡಿಒ ಎಂಬ ಕಿಣ್ವ ತಯಾರಿಸಿ, ತಮ್ಮಲ್ಲಿರುವ ಟ್ರಿಪ್ಟೊಫಾನನ್ನು ಒಡೆದು ಹಾಕುತ್ತವೆ. 1984ರಲ್ಲಿ ಮನುಷ್ಯರ ಫೈಬ್ರೊಬ್ಲಾಸ್ಟ್ ಎಂಬ ಅಂಗಾಂಶ ಕಟ್ಟುವ ಕೋಶಗಳಲ್ಲಿ ಇದನ್ನು ತೋರಿಸಿದರು. ಒಳಗೆ ಸೇರಿದ್ದ ಟಾಕ್ಸೋಪ್ಲಾಸ್ಮಾ ಪರಾವಲಂಬಿ ತಿನ್ನಲು ಸಿಗದೆ ಬೆಳೆಯುವುದನ್ನೇ ನಿಲ್ಲಿಸಿತು. ಟ್ರಿಪ್ಟೊಫಾನ್ ಜಾಸ್ತಿ ಹಾಕಿದರೆ ಮತ್ತೆ ಬೆಳೆಯಿತು. ಎಷ್ಟು ಚೆಂದದ ಉಪಾಯ ಅಲ್ವಾ?

ಮೆಲನೋಮಾ ಇದೇ ಉಪಾಯವನ್ನು ತಿರುಗಿಸಿ ಬಳಸುತ್ತದೆ. ಟಿ ಕೋಶಗಳು ಗೆಡ್ಡೆಯ ಮೇಲೆ ಬಿದ್ದು ಇಂಟರ್‌ಫೆರಾನ್ ಬಿಟ್ಟಾಗ ಕ್ಯಾನ್ಸರ್ ಕೋಶವೂ ಐಡಿಒ ತಯಾರಿಸುತ್ತದೆ. ಈಗ ಹಸಿವಿನಿಂದ ಸೊರಗುವುದು ಟಿ ಕೋಶಗಳು. ಟ್ರಿಪ್ಟೊಫಾನ್ ಒಡೆದು ಬರುವ ಕೈನ್ಯುರೆನಿನ್ ಬೇರೆ ಅವನ್ನು ಇನ್ನಷ್ಟು ಮಂಕಾಗಿಸುತ್ತದೆ.

ಹಾಗಾದರೆ ಐಡಿಒವನ್ನೇ ತಡೆದರೆ? ಎಪಕಾಡೊಸ್ಟಾಟ್ ಎಂಬ ಮಾತ್ರೆ ಬಂತು. ಅದನ್ನು ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ (ದೇಹದ ರಕ್ಷಣಾ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಔಷಧದ ಜೊತೆ ಸೇರಿಸಿ 700ಕ್ಕೂ ಹೆಚ್ಚು ಮೆಲನೋಮಾ ರೋಗಿಗಳಲ್ಲಿ ಪರೀಕ್ಷೆ ನಡೆಯಿತು. 2018ರಲ್ಲಿ ಫಲಿತಾಂಶ ಬಂತು: ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಕೊಟ್ಟಿದ್ದಕ್ಕಿಂತ ಹೆಚ್ಚಿನ ಲಾಭವಿಲ್ಲ. ತುಂಬಾ ನಿರೀಕ್ಷೆ ಇಟ್ಟುಕೊಂಡಿದ್ದ ನನಗೆ ಅದು ನಿಜಕ್ಕೂ ನೋವಿನ ಸುದ್ದಿ. ಟ್ರಿಪ್ಟೊಫಾನ್ ಒಡೆಯಲು ಟಿಡಿಒ, ಐಎಲ್4ಐ1 ಎಂಬ ಬೇರೆ ಕಿಣ್ವಗಳೂ ಇವೆ. ಒಂದು ಬಾಗಿಲು ಮುಚ್ಚಿದರೆ ಸಾಲದು.

ಇನ್ನು ಊಟದ ವಿಷಯ. ಟ್ರಿಪ್ಟೊಫಾನನ್ನು ನಮ್ಮ ದೇಹ ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ನೀವು ಬೇಳೆ, ಹಾಲು ನಿಲ್ಲಿಸಿದರೆ ಗೆಡ್ಡೆಗೆ ಮಾತ್ರ ಕಡಿಮೆ ಆಗುವುದಿಲ್ಲ. ಟಿ ಕೋಶಗಳಿಗೂ ಅದು ಬೇಕು, ಇಮ್ಯುನೊಥೆರಪಿ ನಂಬಿರುವುದು ಅವನ್ನೇ. ಜೊತೆಗೆ ಅಮ್ಮನ ತೂಕ ಇಳಿಯುತ್ತದೆ, ಮಾಂಸಖಂಡ ಕರಗುತ್ತದೆ. ಚಿಕಿತ್ಸೆ ತಡೆದುಕೊಳ್ಳಲು ಅವರಿಗೆ ಈಗ ಶಕ್ತಿ ಬೇಕು.

ಹಾಗಂತ ಟ್ರಿಪ್ಟೊಫಾನ್ ಮಾತ್ರೆಯನ್ನೋ ಅಮೈನೋ ಆಮ್ಲದ ಪುಡಿಯನ್ನೋ ಸುಮ್ನೆ ತಂದು ಕೊಡಬೇಡಿ. ಮೊದಲು ಅವರ ಆಂಕಾಲಜಿಸ್ಟ್‌ಗೆ ತೋರಿಸಿ. ಅಮ್ಮ ಇಷ್ಟಪಟ್ಟು ತಿನ್ನುವ ತೊವ್ವೆ, ಮೊಸರನ್ನ ಇವತ್ತೂ ಬಡಿಸಿ.