ಹೊಸ ತಂತ್ರಜ್ಞಾನದಿಂದ ಶಾಲೆಯ ಪಾಠ ನಿಜವಾಗಿ ಬದಲಾಗಿದೆಯಾ?

ಬದಲಾಗಿದೆ, ಆದರೆ ಎಲ್ಲ ಕಡೆ ಅಲ್ಲ. ಕರಿಹಲಗೆ ತೆಗೆದು ಸ್ಮಾರ್ಟ್ ಬೋರ್ಡ್ ಹಾಕಿ, ಅದರಲ್ಲೂ ಹಳೇ ನೋಟ್ಸನ್ನೇ ತೋರಿಸಿದರೆ ಸುಮ್ನೆ ಖರ್ಚು ಅಷ್ಟೇ.

ವ್ಯತ್ಯಾಸ ಗೊತ್ತಾಗುವುದು ಮಕ್ಕಳು ತಾವೇ ಕೈಯಾಡಿಸಿ ನೋಡುವಾಗ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ, ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್‌ಗಳನ್ನೇ ತಗೊಳ್ಳಿ. ಉಚಿತವಾಗಿ ಸಿಗುತ್ತವೆ. ಪರದೆಯ ಮೇಲೆ ಬ್ಯಾಟರಿ, ವೈರು, ಬಲ್ಬು ಜೋಡಿಸಿದರೆ ಎಲೆಕ್ಟ್ರಾನ್‌ಗಳು ಹರಿಯುವುದು ಕಣ್ಣಿಗೇ ಕಾಣುತ್ತದೆ. ಇನ್ನೊಂದು ಬ್ಯಾಟರಿಯನ್ನು ಸಾಲಾಗಿ ಸೇರಿಸಿದರೆ ಅವು ಜೋರಾಗಿ ಓಡುತ್ತವೆ, ಬಲ್ಬಿನ ಬೆಳಕೂ ಜಾಸ್ತಿ. ಶಾರ್ಟ್ ಸರ್ಕ್ಯೂಟ್ ಮಾಡಿದರೆ ಬ್ಯಾಟರಿಗೆ ಬೆಂಕಿ! (ಮಕ್ಕಳು ಮೊದಲು ಮಾಡುವುದೇ ಅದು, ಅಲ್ವಾ?) ಪುಸ್ತಕದ ಚಿತ್ರದಲ್ಲಿ ಇದು ಸಾಧ್ಯವಿಲ್ಲ.

ಮೇಷ್ಟ್ರಿಗೂ ಅನುಕೂಲವಿದೆ. ಆನ್‌ಲೈನ್ ಕ್ವಿಜ್ ಕೊಟ್ಟರೆ ತರಗತಿ ಎಲ್ಲಿ ಎಡವಿದೆ ಅಂತ ಆಗಲೇ ತಿಳಿಯುತ್ತದೆ. ಪರೀಕ್ಷೆ ಮುಗಿಯುವವರೆಗೆ ಕಾಯಬೇಕಿಲ್ಲ.

ತಲೆನೋವು ಶುರುವಾಗಿದ್ದು ಹೋಂವರ್ಕಿನಲ್ಲಿ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ (ಕೇಳಿದ್ದನ್ನು ಬರೆದುಕೊಡುವ ಎಐ) ಬಂದ ಮೇಲೆ, ಮನೆಯಿಂದ ಬರೆದು ತಂದ ಪ್ರಬಂಧ ಯಾರದ್ದು ಅಂತ ಹೇಳುವುದೇ ಕಷ್ಟ. ಯಂತ್ರ ಬರೆದದ್ದನ್ನು ಹಿಡಿಯುವ ಸಾಫ್ಟ್‌ವೇರ್‌ಗಳನ್ನು ನಾನಂತೂ ನಂಬಲ್ಲ. ಅವು ಮಗುವೇ ಬರೆದದ್ದನ್ನೂ ಯಂತ್ರದ್ದು ಅಂದುಬಿಡುತ್ತವೆ. ಅದಕ್ಕಿಂತ ತರಗತಿಯಲ್ಲೇ ಬರೆಸಿ, ‘ಈ ಸಾಲು ಯಾಕೆ ಬರೆದೆ?’ ಅಂತ ಬಾಯಲ್ಲೇ ಕೇಳುವುದು ವಾಸಿ.

ಇನ್ನು ಫೋನು. ಅದು ಓದಿನಿಂದ ಗಮನ ಸೆಳೆಯುತ್ತದೆ ಅಂತ ಯುನೆಸ್ಕೋದ 2023ರ ವರದಿಯೇ ಎಚ್ಚರಿಸಿದೆ. ಪಾಠಕ್ಕೆ ಬೇಕಾದಾಗ ಮಾತ್ರ ಹೊರಗೆ ತೆಗೆಸಿದರೆ ಸಾಕು.